ನಿಷೇಧಗಳ ನಡುವೆ ಬೆಳೆದ ವಾಸ್ತವವಾದ

ಸ್ಲಾವ್ ಭಾಷೆಗಳ ಸಾಹಿತ್ಯದಲ್ಲಿ ವಾಸ್ತವವಾದ ಬೇರೂರಿ ಬೆಳೆದದ್ದು 1840ರ ದಶಕದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ. ಆ ಭಾಷೆಗಳನ್ನಾಡುತ್ತಿದ್ದ ಹೆಚ್ಚಿನ ಜನಾಂಗಗಳಿಗೆ ಆಗ ತಮ್ಮದೆನ್ನುವ ರಾಜ್ಯವೇ ಇರಲಿಲ್ಲ. ಪೋಲೆಂಡ್ 1772, 1793 ಮತ್ತು 1795ರ ವಿಭಜನೆಗಳಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ಪಾಲಾಗಿ ಭೂಪಟದಿಂದ ಅಳಿದುಹೋಗಿತ್ತು. ಚೆಕ್, ಸ್ಲೊವಾಕ್, ಸ್ಲೊವೇನ್, ಕ್ರೊವೇಷಿಯನ್ ಜನ ಹ್ಯಾಬ್ಸ್‌ಬರ್ಗ್ ದೊರೆಗಳ ಪ್ರಜೆಗಳಾಗಿದ್ದರು. ಉಕ್ರೇನಿಯನ್ನರು ರಷ್ಯಾ ಮತ್ತು ಆಸ್ಟ್ರಿಯಾ ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದ್ದರು. ಬಲ್ಗೇರಿಯನ್ನರು 1878ರವರೆಗೂ ಆಟೊಮನ್ ಆಳ್ವಿಕೆಯಲ್ಲಿದ್ದರು. ರಷ್ಯನ್ನರಿಗೆ ರಾಜ್ಯವಿತ್ತು, ಆದರೆ ಶಾಸನಸಭೆ ಇರಲಿಲ್ಲ, ಅಂಜಿಕೆಯಿಲ್ಲದೆ ಬರೆಯುವ ಪತ್ರಿಕೆಗಳೂ ಇರಲಿಲ್ಲ. ಸಭೆಯಲ್ಲಿ, ಪತ್ರಿಕೆಯಲ್ಲಿ, ನ್ಯಾಯಾಲಯದಲ್ಲಿ ಆಗಬೇಕಿದ್ದ ಚರ್ಚೆಯನ್ನೆಲ್ಲ ಕತೆ, ಕಾದಂಬರಿಗಳೇ ಹೊತ್ತುಕೊಳ್ಳಬೇಕಾಯಿತು. ಬಾಲ್ಜಾಕ್, ಡಿಕನ್ಸ್ ಇಲ್ಲೆಲ್ಲ ಓದುಗರ ಮೆಚ್ಚಿನವರೇ ಆಗಿದ್ದರು. ಆದರೂ ಸ್ಲಾವ್ ವಾಸ್ತವವಾದವನ್ನು ಅವರ ನೆರಳೆಂದು ಓದಿದರೆ ಅದರ ಒಳಗುಟ್ಟು ಸಿಗುವುದಿಲ್ಲ. ಏನನ್ನು ಬರೆಯಕೂಡದು ಎಂಬ ಕಟ್ಟಳೆ ಒಂದೊಂದು ನಾಡಿನಲ್ಲಿ ಒಂದೊಂದು ಬಗೆಯದಾಗಿತ್ತು. ಕಣ್ಣೆದುರಿನ ಬದುಕನ್ನು ಹೇಗೆ ಬರೆಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಕಟ್ಟಳೆಯೇ.

ರಷ್ಯಾದಲ್ಲಿ ಇದರ ಮೊದಲ ದೊಡ್ಡ ಹೆಸರು ನಿಕೊಲಾಯ್ ಗೊಗೊಲ್. ಉಕ್ರೇನಿನಲ್ಲಿ ಹುಟ್ಟಿ ರಷ್ಯನ್ ಭಾಷೆಯಲ್ಲಿ ಬರೆದ ಈತನ ‘ಮೇಲಂಗಿ’ ಕತೆ ಪ್ರಕಟವಾದದ್ದು 1842ರಲ್ಲಿ. ಕಥಾನಾಯಕ ಅಕಾಕಿ ಅಕಾಕಿಯೆವಿಚ್ ಸೇಂಟ್ ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಕಾಗದಪತ್ರ ನಕಲು ಮಾಡುವ ಗುಮಾಸ್ತ. ಅವನ ಸಂಬಳ ವರ್ಷಕ್ಕೆ 400 ರೂಬಲ್. ಹಳೆಯ ಅಂಗಿ ತೇಪೆ ಹಾಕಲೂ ಬಾರದಷ್ಟು ಜೀರ್ಣವಾಗಿದೆ, ಹೊಸದಕ್ಕೆ ದರ್ಜಿ ಪೆತ್ರೊವಿಚ್ ಕೊನೆಗೆ ಒಪ್ಪುವ ದರ 80 ರೂಬಲ್. ಗುಮಾಸ್ತ ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಸುತ್ತಾನೆ. ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದಿಲ್ಲ, ಬೂಟಿನ ಅಟ್ಟೆ ಬೇಗ ಸವೆಯದಿರಲೆಂದು ಕಲ್ಲುಹಾಸಿನ ಮೇಲೆ ತುದಿಗಾಲಲ್ಲಿ ನಡೆಯುತ್ತಾನೆ. ಕೊರಳಪಟ್ಟಿಗೆ ಬೆಲೆಬಾಳುವ ತುಪ್ಪಳ ಕೊಳ್ಳಲಾಗದೆ ಬೆಕ್ಕಿನ ತುಪ್ಪಳ ಹಾಕಿಸುತ್ತಾನೆ. ಹೊಸ ಅಂಗಿ ತೊಟ್ಟ ಮೊದಲ ರಾತ್ರಿಯೇ ಕಳ್ಳರು ಅದನ್ನು ಕಿತ್ತುಕೊಳ್ಳುತ್ತಾರೆ. ದೂರು ಹೊತ್ತು ಹೋದವನನ್ನು ದೊಡ್ಡ ಅಧಿಕಾರಿಯೊಬ್ಬ ಗದರಿಸಿ ಕಳಿಸುತ್ತಾನೆ, ಬಡಪಾಯಿ ಜ್ವರ ಹಿಡಿದು ಸಾಯುತ್ತಾನೆ. ಕತೆಯ ಕೊನೆಗೆ ಅವನ ದೆವ್ವವೂ ಬರುತ್ತದೆ. ಹಾಗಿದ್ದೂ ಅದನ್ನು ವಾಸ್ತವವಾದದ ಮೂಲ ಕೃತಿಗಳಲ್ಲಿ ಒಂದೆಂದು ಎಣಿಸುತ್ತ ಬಂದಿದ್ದಾರೆ. ಒಬ್ಬ ಗುಮಾಸ್ತನ ಜಮಾಖರ್ಚನ್ನು ಈ ಗೌರವದಿಂದ, ಕೊಪೆಕ್ ಕೊಪೆಕ್ ಲೆಕ್ಕ ಹಿಡಿದು ರಷ್ಯನ್ ಸಾಹಿತ್ಯ ಅದಕ್ಕೂ ಮೊದಲು ಬರೆದದ್ದು ವಿರಳ.

ಅದೇ ವರ್ಷ ಗೊಗೊಲ್‌ನ ‘ಸತ್ತ ಆತ್ಮಗಳು’ ಹೊರಬಂತು. ಒಂದು ಜನಗಣತಿಗೂ ಇನ್ನೊಂದಕ್ಕೂ ನಡುವೆ ಸತ್ತ ಜೀತದಾಳುಗಳು ಸರ್ಕಾರಿ ಕಡತದಲ್ಲಿ ಜೀವಂತವಾಗಿಯೇ ಉಳಿಯುತ್ತಿದ್ದರು, ಜಮೀನ್ದಾರ ಅವರ ತಲೆಗಂದಾಯವನ್ನೂ ಕಟ್ಟುತ್ತಿದ್ದ. ಚಿಚಿಕೊವ್ ಎಂಬ ಚತುರ ಆ ಹೆಸರುಗಳನ್ನು ಅಗ್ಗಕ್ಕೆ ಕೊಂಡು, ಅವುಗಳನ್ನೇ ಅಡವಿಟ್ಟು ಸಾಲ ಎತ್ತುವ ಹಂಚಿಕೆ ಹೂಡುತ್ತಾನೆ. ಆತ್ಮಕ್ಕೆ ಸಾವಿಲ್ಲ, ಆದ್ದರಿಂದ ಈ ಹೆಸರೇ ಸಲ್ಲದು ಎಂದು ಮಾಸ್ಕೋದ ಸೆನ್ಸಾರ್ ಸಮಿತಿ ಆಕ್ಷೇಪ ತೆಗೆಯಿತು. ಪೀಟರ್ಸ್‌ಬರ್ಗಿನ ಸೆನ್ಸಾರ್ ‘ಚಿಚಿಕೊವನ ಸಾಹಸಗಳು’ ಎಂಬ ಹೆಸರನ್ನು ಮುಂದಕ್ಕೆ ಜೋಡಿಸಿ ಒಪ್ಪಿಗೆ ಕೊಟ್ಟಿತು.

ಗೊಗೊಲ್‌ನ ಬರಹಕ್ಕೆ ಸಾಮಾಜಿಕ ಅರ್ಥ ಕೊಟ್ಟು ಅದನ್ನೊಂದು ಪಂಥವಾಗಿ ಎತ್ತಿ ನಿಲ್ಲಿಸಿದವನು ವಿಮರ್ಶಕ ವಿಸ್ಸಾರಿಯೊನ್ ಬೆಲಿನ್ಸ್ಕಿ. ರಷ್ಯಾದಲ್ಲಿ ಪುಸ್ತಕ ವಿಮರ್ಶೆಯೇ ರಾಜಕೀಯ ಮಾತಿಗೆ ಉಳಿದಿದ್ದ ಕಿಂಡಿ. ‘ಸಮಕಾಲೀನ’ದಂಥ ದಪ್ಪ ಮಾಸಪತ್ರಿಕೆಗಳಲ್ಲಿ ಕಾದಂಬರಿಯೂ ಅದರ ವಿಮರ್ಶೆಯೂ ಒಟ್ಟಿಗೇ ಬೆಳೆದವು. ಗೊಗೊಲ್ ತನ್ನ ಕೊನೆಯ ವರ್ಷಗಳಲ್ಲಿ ಜೀತ ಪದ್ಧತಿಯನ್ನೇ ಸಮರ್ಥಿಸತೊಡಗಿದಾಗ ಬೆಲಿನ್ಸ್ಕಿ 1847ರಲ್ಲಿ ಅವನಿಗೊಂದು ಕಟು ಪತ್ರ ಬರೆದ. ಅದು ಅಚ್ಚಾಗುವಂತಿರಲಿಲ್ಲ, ಕೈಬರಹದ ಪ್ರತಿಗಳಲ್ಲೇ ಹರಡಿತು. ಆ ಪತ್ರವನ್ನು ಗೆಳೆಯರ ಕೂಟದಲ್ಲಿ ಓದಿದ್ದು 1849ರಲ್ಲಿ ಬಂಧಿತನಾದ ಯುವ ದಾಸ್ತೊಯೆವ್‌ಸ್ಕಿಯ ಮೇಲಿನ ಆರೋಪಗಳಲ್ಲಿ ಒಂದು. ಅವನಿಗೆ ಮರಣದಂಡನೆ ವಿಧಿಸಿ, ವಧಾಸ್ಥಾನದವರೆಗೂ ಒಯ್ದು, ಕಡೆಯ ಗಳಿಗೆಯಲ್ಲಿ ಶಿಕ್ಷೆ ಬದಲಿಸಿ ಸೈಬೀರಿಯಾದ ಓಮ್ಸ್ಕ್‌ಗೆ ನಾಲ್ಕು ವರ್ಷಗಳ ಕಠಿಣ ದುಡಿಮೆಗೆ ಅಟ್ಟಿದರು.

ಇವಾನ್ ತುರ್ಗೆನೆವ್‌ನ ‘ಬೇಟೆಗಾರನ ಚಿತ್ರಗಳು’ 1847ರಿಂದ ಬಿಡಿಬಿಡಿಯಾಗಿ ಬಂದು 1852ರಲ್ಲಿ ಪುಸ್ತಕವಾಯಿತು. ಜೀತದ ಅನ್ಯಾಯದ ಬಗ್ಗೆ ಅದರಲ್ಲಿ ಭಾಷಣವಿಲ್ಲ. ಬಂದೂಕು ಹೆಗಲಿಗೇರಿಸಿ ಅಲೆಯುವ ಜಮೀನ್ದಾರನೊಬ್ಬ ದಾರಿಯಲ್ಲಿ ಸಿಕ್ಕ ರೈತರೊಂದಿಗೆ ಮಾತಾಡುತ್ತಾನೆ, ಅವರ ಬುದ್ಧಿ, ಹಾಡು, ಮೌನಗಳನ್ನು ಕಂಡಂತೆ ಬರೆಯುತ್ತಾನೆ. ಆಳುಗಳೆಂದು ಕೊಂಡು ಮಾರುತ್ತಿದ್ದವರು ಒಡೆಯರಷ್ಟೇ ಪೂರ್ಣ ಮನುಷ್ಯರಾಗಿ ಪುಟದ ಮೇಲೆ ನಿಂತರು, ಅಪಾಯ ಇದ್ದದ್ದು ಅಲ್ಲಿಯೇ. ಪುಸ್ತಕಕ್ಕೆ ಒಪ್ಪಿಗೆ ಕೊಟ್ಟ ಸೆನ್ಸಾರ್ ಅಧಿಕಾರಿ ಕೆಲಸ ಕಳೆದುಕೊಂಡ. ಗೊಗೊಲ್ ತೀರಿಕೊಂಡಾಗ ಬರೆದ ಶ್ರದ್ಧಾಂಜಲಿಯ ನೆಪದಲ್ಲಿ ತುರ್ಗೆನೆವ್‌ನನ್ನು ಒಂದು ತಿಂಗಳು ಬಂಧಿಸಿಟ್ಟು, ಬಳಿಕ ಅವನದೇ ಜಮೀನಿನಲ್ಲಿ ಇರುವಂತೆ ನಿರ್ಬಂಧ ಹಾಕಿದರು. ಎರಡು ಕೋಟಿಗೂ ಹೆಚ್ಚು ಜೀತದಾಳುಗಳಿಗೆ ಬಿಡುಗಡೆ ಕೊಟ್ಟ ರಾಜಾಜ್ಞೆ ಬಂದದ್ದು 1861ರಲ್ಲಿ. ಆ ಆಜ್ಞೆಗೆ ಈ ಪುಸ್ತಕವೇ ಕಾರಣವೆನ್ನುವುದು ಅತಿಯಾದೀತು. ಆದರೆ ಓದು ಬಲ್ಲ ವರ್ಗದ ಮನಸ್ಸನ್ನು ಅದಕ್ಕೆ ಹದಗೊಳಿಸಿದ್ದರಲ್ಲಿ ಈ ಕತೆಗಳ ಪಾಲು ದೊಡ್ಡದು.

ನಂತರದ ಇಪ್ಪತ್ತು ವರ್ಷಗಳ ಬೆಳೆ ಜಗತ್ತಿಗೇ ಗೊತ್ತಿರುವುದು. ಗೊಂಚರೊವ್‌ನ ‘ಒಬ್ಲೊಮೊವ್’ 1859ರಲ್ಲಿ ಬಂತು. ಹಾಸಿಗೆ ಬಿಟ್ಟು ಏಳಲಾರದ ಜಮೀನ್ದಾರನ ಆ ಕತೆಯನ್ನು ಪೂರ್ತಿಗೊಳಿಸುವಾಗ ಲೇಖಕನೇ ಸೆನ್ಸಾರ್ ಇಲಾಖೆಯ ಅಧಿಕಾರಿಯಾಗಿದ್ದ. ಚೆರ್ನಿಶೆವ್‌ಸ್ಕಿ ‘ಏನು ಮಾಡಬೇಕು?’ ಕಾದಂಬರಿಯನ್ನು ಸೆರೆಮನೆಯೊಳಗೆ ಬರೆದ, ಸೆನ್ಸಾರ್‌ನವರ ಅಜಾಗರೂಕತೆಯಿಂದ ಅದು 1863ರಲ್ಲಿ ಅಚ್ಚಾಗಿಬಿಟ್ಟಿತು. 1866ರಲ್ಲಿ ‘ರಷ್ಯನ್ ದೂತ’ ಪತ್ರಿಕೆಯ ಓದುಗರು ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನೂ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ ಆರಂಭದ ಭಾಗಗಳನ್ನೂ ಒಂದೇ ವರ್ಷದಲ್ಲಿ ಧಾರಾವಾಹಿಯಾಗಿ ಓದುತ್ತಿದ್ದರು. ಹನ್ನೊಂದು ವರ್ಷದ ಬಳಿಕ ಅದೇ ಪತ್ರಿಕೆಯ ಸಂಪಾದಕ ಕಾತ್ಕೊವ್ ‘ಅನ್ನಾ ಕರೆನಿನಾ’ದ ಕೊನೆಯ ಭಾಗವನ್ನು ಅಚ್ಚು ಮಾಡಲು ಒಪ್ಪಲಿಲ್ಲ. ಸರ್ಬಿಯಾದ ಪರವಾಗಿ ಯುದ್ಧಕ್ಕೆ ಹೊರಟ ಸ್ವಯಂಸೇವಕರ ಉತ್ಸಾಹವನ್ನು ಟಾಲ್‌ಸ್ಟಾಯ್ ಅಲ್ಲಿ ಪ್ರಶ್ನಿಸಿದ್ದ. ಅವನು ಆ ಭಾಗವನ್ನು ಬೇರೆಯಾಗಿ ಅಚ್ಚು ಹಾಕಿಸಿದ. ಕನ್ನಡದ ಓದುಗರಿಗೆ ದೇಜಗೌ, ಓ.ಎಲ್. ನಾಗಭೂಷಣ ಸ್ವಾಮಿಯಂಥವರ ಅನುವಾದಗಳ ಮೂಲಕ ಈ ರಷ್ಯನ್ ಲೋಕ ಪರಿಚಿತ. ಅದರ ನೆರೆಹೊರೆಯ ಸ್ಲಾವ್ ಭಾಷೆಗಳು ಅಷ್ಟಾಗಿ ಇತ್ತ ಬಂದಿಲ್ಲ. ಅವನ್ನು ಬಿಟ್ಟರೆ ಈ ಚಳವಳಿಯ ಅರ್ಧ ಕತೆಯೇ ತಪ್ಪಿಹೋಗುತ್ತದೆ.

ಪೋಲಿಷ್ ವಾಸ್ತವವಾದ ಹುಟ್ಟಿದ್ದು ಸೋಲಿನಿಂದ. ರಷ್ಯಾದ ವಿರುದ್ಧ 1863ರ ಜನವರಿಯಲ್ಲಿ ಎದ್ದ ದಂಗೆ ಮರುವರ್ಷ ನೆಲಕಚ್ಚಿತು. ನೇಣು, ಆಸ್ತಿ ಮುಟ್ಟುಗೋಲು, ಸೈಬೀರಿಯಾಕ್ಕೆ ಗಡಿಪಾರು ಒಂದರ ಹಿಂದೊಂದು ಬಂದವು. ವಾರ್ಸಾದ ಪೋಲಿಷ್ ಉನ್ನತ ವಿದ್ಯಾಲಯವನ್ನು 1869ರಲ್ಲಿ ಮುಚ್ಚಿ ಅದರ ಜಾಗದಲ್ಲಿ ರಷ್ಯನ್ ವಿಶ್ವವಿದ್ಯಾಲಯ ತೆರೆದರು. ಆ ಹಳೆಯ ವಿದ್ಯಾಲಯದಲ್ಲಿ ಓದಿದ ಪೀಳಿಗೆ ಕತ್ತಿ ಹಿಡಿಯುವ ರಮ್ಯ ಕನಸನ್ನು ಕೈಬಿಟ್ಟು ಶಾಲೆ, ವ್ಯಾಪಾರ, ವಿಜ್ಞಾನ, ಹೆಣ್ಣುಮಕ್ಕಳ ದುಡಿಮೆ, ಯಹೂದಿಗಳ ಸಮಾನತೆ ಇವುಗಳಿಂದ ನಾಡು ಕಟ್ಟಬೇಕೆಂದಿತು. ಇವರು ತಮ್ಮನ್ನು ಕರೆದುಕೊಂಡದ್ದು ಪಾಸಿಟಿವಿಸ್ಟರೆಂದು.

ಅವರಲ್ಲಿ ಎತ್ತರದವನು ಬೊಲೆಸ್ವಾಫ್ ಪ್ರುಸ್. ನಿಜನಾಮ ಅಲೆಕ್ಸಾಂಡರ್ ಗ್ವೊವಾತ್ಸ್ಕಿ. ಹದಿಹರೆಯದಲ್ಲೇ ದಂಗೆಗೆ ಸೇರಿ, ಗಾಯಗೊಂಡು ಸೆರೆಸಿಕ್ಕಿದ್ದವನು, ಮುಂದೆ ವಾರ್ಸಾದ ಪತ್ರಿಕೆಗಳಿಗೆ ದಶಕಗಳ ಕಾಲ ವಾರದ ಅಂಕಣ ಬರೆದ. ಅವನ ‘ಗೊಂಬೆ’ 1887ರಿಂದ 1889ರವರೆಗೆ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1890ರಲ್ಲಿ ಪುಸ್ತಕವಾಯಿತು. ನಾಯಕ ವೊಕುಲ್ಸ್ಕಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವನು. ಸೈಬೀರಿಯಾದ ಇರ್ಕುತ್ಸ್ಕ್‌ನಿಂದ ಹಿಂದಿರುಗಿ, ವಿಧವೆಯೊಬ್ಬಳನ್ನು ಮದುವೆಯಾಗಿ, ಅವಳು ತೀರಿಕೊಂಡ ಮೇಲೆ ರಷ್ಯಾ–ತುರ್ಕಿ ಯುದ್ಧದ ಸರಬರಾಜಿನಲ್ಲಿ ಬೇಕಾದಷ್ಟು ಹಣ ಮಾಡುತ್ತಾನೆ. ಅವನು ಇರ್ಕುತ್ಸ್ಕ್‌ಗೆ ಹೋದದ್ದೇಕೆಂದು ಕಾದಂಬರಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ದಂಗೆಯ ಹೆಸರೆತ್ತಲು ಸೆನ್ಸಾರ್ ಬಿಡುತ್ತಿರಲಿಲ್ಲ, ಊರಿನ ಹೆಸರು ಕಂಡರೆ ಸಾಕು, ಓದುಗನಿಗೆ ಉಳಿದದ್ದು ತಿಳಿಯುತ್ತಿತ್ತು. ಇಷ್ಟು ಗಳಿಸಿದವನು ದಿವಾಳಿಯಾದ ಶ್ರೀಮಂತ ಮನೆತನದ ಇಜಾಬೆಲಾಳಿಗೆ ಮನಸೋಲುತ್ತಾನೆ. ಅವಳಿಗೋ, ಅಂಗಡಿಯವನು ಎಂದೆಂದಿಗೂ ಅಂಗಡಿಯವನೇ.

ಕಾದಂಬರಿಯಲ್ಲಿ ಮರೆಯಲಾಗದ ದೃಶ್ಯವೊಂದು ರೈಲಿನಲ್ಲಿ ನಡೆಯುತ್ತದೆ. ವೊಕುಲ್ಸ್ಕಿಯ ಎದುರೇ ಕುಳಿತು ಇಜಾಬೆಲಾ ತನ್ನ ಬಂಧು ಸ್ತಾರ್ಸ್ಕಿಯೊಡನೆ ಇಂಗ್ಲಿಷಿನಲ್ಲಿ ಸರಸವಾಡುತ್ತಾಳೆ, ಅವನನ್ನು ಹಗುರಾಗಿ ಆಡಿಕೊಳ್ಳುತ್ತಾಳೆ. ಅವಳಿಗಾಗಿಯೇ ಅವನು ಇಂಗ್ಲಿಷ್ ಕಲಿತದ್ದು ಅವಳಿಗೆ ಗೊತ್ತಿಲ್ಲ. ಅವನು ಮುಂದಿನ ನಿಲ್ದಾಣದಲ್ಲಿ ಇಳಿದು ಹಳಿಗೆ ತಲೆ ಕೊಡಲು ಹೋಗುತ್ತಾನೆ. ಹಿಂದೊಮ್ಮೆ ಅವನಿಂದ ನೆರವು ಪಡೆದಿದ್ದ ಬಡ ರೈಲ್ವೆ ನೌಕರನೊಬ್ಬ ಎಳೆದು ಉಳಿಸುತ್ತಾನೆ. ಇದರ ಜೊತೆಜೊತೆಗೆ ಅಂಗಡಿಯ ಹಳೆಯ ಗುಮಾಸ್ತ ಜೆತ್ಸ್ಕಿಯ ದಿನಚರಿ ಸಾಗುತ್ತದೆ. 1848ರಲ್ಲಿ ಹಂಗೆರಿಯ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಬಂದ ಈ ಮುದುಕ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ಕೀಲಿ ಆಟಿಕೆಗಳಿಗೆಲ್ಲ ಕೀಲಿ ಕೊಟ್ಟು ಅವು ಕುಣಿಯುವುದನ್ನು ನೋಡುತ್ತ ಕೂರುತ್ತಾನೆ. ವೊಕುಲ್ಸ್ಕಿ ವಿಸ್ತುಲಾ ನದಿದಂಡೆಯ ಕೊಳೆಗೇರಿಗೆ ಇಳಿದುಹೋಗುವ ಪುಟಗಳಲ್ಲಿ ಪ್ರುಸ್‌ನ ಅಂಕಣಕಾರನ ಕಣ್ಣು ಕೆಲಸ ಮಾಡುತ್ತದೆ: ಕಸದ ರಾಶಿ, ಕುಸಿದ ಗೋಡೆ, ಕೆಲಸವಿಲ್ಲದ ಗಾಡಿಯವನು. ವಾರ್ಸಾದಲ್ಲಿ ವೊಕುಲ್ಸ್ಕಿ ವಾಸವಿದ್ದನೆನ್ನುವ ಮನೆಗೆ ಫಲಕವನ್ನೂ ಹಾಕಿದ್ದಾರೆ. ಕಲ್ಪಿತ ಪಾತ್ರವೊಂದಕ್ಕೆ ಊರೊಂದು ಇಷ್ಟು ಗಟ್ಟಿಯಾದ ವಿಳಾಸ ಕೊಟ್ಟಿರುವುದು ಅಪರೂಪ, ಕಾದಂಬರಿ ಅದಕ್ಕೆ ಪೂರ್ತಿ ಅರ್ಹ.

ಎಲಿಜಾ ಒಝೆಶ್ಕೊವಾ ದಂಗೆಯ ಕಾಲದಲ್ಲಿ ಅದರ ಕೊನೆಯ ನಾಯಕ ತ್ರಾವುಗುತ್‌ನನ್ನು ಮನೆಯಲ್ಲಿ ಅಡಗಿಸಿಟ್ಟು ತನ್ನ ಗಾಡಿಯಲ್ಲೇ ಸಾಗಿಸಿದ್ದ ಹೆಂಗಸು. ಆಕೆಯ ಗಂಡ ಸೈಬೀರಿಯಾ ಪಾಲಾದ. 1888ರ ‘ನೇಮನ್ ನದಿಯ ದಂಡೆಯಲ್ಲಿ’ ಕಾದಂಬರಿಯಲ್ಲಿ ಜಮೀನ್ದಾರಿ ಮನೆ ಮತ್ತು ಪಕ್ಕದ ಹಳ್ಳಿಯ ಜಗಳ, ಸುಗ್ಗಿ, ಮದುವೆ ಎಲ್ಲವೂ ಬಿಡಿಬಿಡಿಯಾಗಿ ಬರುತ್ತವೆ. ನಡುವೆ ಕಾಡಿನಲ್ಲೊಂದು ಮಣ್ಣದಿಬ್ಬವಿದೆ. ಅದರಡಿ ಯಾರು ಮಲಗಿದ್ದಾರೆ ಎಂಬುದನ್ನು ಆಕೆ ಸುತ್ತುಬಳಸಿ ಸೂಚಿಸುತ್ತಾಳೆ, ಪೋಲಿಷ್ ಓದುಗರು ತಮ್ಮ ಮನೆಯ ಸತ್ತವರನ್ನು ಅಲ್ಲಿ ಗುರುತಿಸಿಕೊಂಡರು. ಇದೇ ಪೀಳಿಗೆಯ ಸಿಯೆಂಕಿಯೆವಿಚ್ ಹಳ್ಳಿಯ ಬಡತನದ ಕತೆಗಳಿಂದ ಶುರುಮಾಡಿ ಚಾರಿತ್ರಿಕ ಸಾಹಸಗಳತ್ತ ಹೊರಳಿ, 1905ರಲ್ಲಿ ನೊಬೆಲ್ ಪಡೆದ. ಅವನ ಇತಿಹಾಸದಲ್ಲಿ ಬಣ್ಣ ಹೆಚ್ಚು, ನಿಜ ಕಡಿಮೆ ಎಂದು ಪ್ರುಸ್ ವಿಮರ್ಶೆ ಬರೆದಿದ್ದ. ಆ ವಿಮರ್ಶೆಯಲ್ಲಿ ನ್ಯಾಯವಿದೆ.

ಉಕ್ರೇನಿಯನ್ನರಿಗೆ ನಿಷೇಧ ಬಂದದ್ದು ಭಾಷೆಯ ಮೇಲೆಯೇ. ರಷ್ಯಾದ ಒಳಾಡಳಿತ ಸಚಿವ ವಲೂಯೆವ್ 1863ರ ಸುತ್ತೋಲೆಯಲ್ಲಿ ಉಕ್ರೇನಿಯನ್ ಭಾಷೆಯ ಧಾರ್ಮಿಕ, ಶೈಕ್ಷಣಿಕ ಪುಸ್ತಕಗಳನ್ನು ತಡೆದ. 1876ರಲ್ಲಿ ಜರ್ಮನಿಯ ಎಮ್ಸ್ ಎಂಬ ವಿಹಾರಧಾಮದಲ್ಲಿದ್ದಾಗ ಎರಡನೆಯ ಅಲೆಕ್ಸಾಂಡರ್ ಸಹಿ ಹಾಕಿದ ಆಜ್ಞೆ ಇನ್ನೂ ಮುಂದೆ ಹೋಯಿತು. ಆ ಭಾಷೆಯ ಪುಸ್ತಕಗಳನ್ನು ಹೊರಗಿನಿಂದ ತರುವಂತಿಲ್ಲ, ನಾಟಕ ಆಡುವಂತಿಲ್ಲ. ಕತೆ, ಕವಿತೆಗೆ ಮಾತ್ರ, ಅದೂ ರಷ್ಯನ್ ಕಾಗುಣಿತದಲ್ಲಿ ಬರೆದು ಸೆನ್ಸಾರ್ ಒಪ್ಪಿದರೆ, ಒಂದಿಷ್ಟು ಎಡೆ. ರೈತರ ಬಾಯಿಮಾತಿನ ಆಚೆಗೆ ಈ ಭಾಷೆ ಬೆಳೆಯಕೂಡದು ಎಂಬುದೇ ಆಳುವವರ ಎಣಿಕೆ. ರೈತರ ಬಾಯಿಮಾತನ್ನೇ ಹಿಡಿದು ಉಕ್ರೇನಿಯನ್ ಲೇಖಕರು ಕಾದಂಬರಿ ಕಟ್ಟಿದರು.

ಇವಾನ್ ನೆಚುಯ್-ಲೆವಿತ್ಸ್ಕಿಯ ‘ಕೈದಾಶ್ ಕುಟುಂಬ’ 1879ರಲ್ಲಿ ಆಸ್ಟ್ರಿಯಾಕ್ಕೆ ಸೇರಿದ್ದ ಲ್ವಿವ್ ನಗರದಲ್ಲಿ ಅಚ್ಚಾಯಿತು. ಜೀತ ಮುಗಿದ ಮೇಲಿನ ಒಂದು ಹಳ್ಳಿಮನೆ. ಅತ್ತೆ-ಸೊಸೆಯರ ಕಾಳಗ, ಅಣ್ಣತಮ್ಮಂದಿರ ಪಾಲು, ಬೇಲಿಯ ಪಕ್ಕದ ಪೇರು ಮರದ ಹಣ್ಣಿಗಾಗಿ ಮುಗಿಯದ ವ್ಯಾಜ್ಯ. ಕನ್ನಡದ ಯಾವ ಹಳ್ಳಿಯ ಓದುಗನಿಗೂ ಇದಕ್ಕೆ ವಿವರಣೆ ಬೇಡ. ಬೈಗುಳದ ಲಯದಲ್ಲೇ ಪಾತ್ರಗಳು ಮೈತಳೆಯುತ್ತವೆ, ನಗುವಿನ ಕೆಳಗೆ ಹಿಡಿ ನೆಲಕ್ಕಾಗಿ ಕಿತ್ತಾಡುವ ಬಡತನ ಎದ್ದು ಕಾಣುತ್ತದೆ.

ಪಾನಾಸ್ ಮಿರ್ನಿ ಎಂಬ ಹೆಸರಿನ ಹಿಂದೆ ಇದ್ದವನು ಪೊಲ್ತಾವಾದ ಸರ್ಕಾರಿ ಖಜಾನೆಯ ಅಧಿಕಾರಿ ರುದ್ಚೆಂಕೊ. ಹಗಲು ಸಾಮ್ರಾಜ್ಯದ ಲೆಕ್ಕಪತ್ರ ನೋಡುತ್ತಿದ್ದವನು ತನ್ನ ಲೇಖಕನ ಗುರುತನ್ನು ಬಚ್ಚಿಟ್ಟುಕೊಂಡೇ ಬಾಳಿದ. ಅಣ್ಣ ಇವಾನ್ ಬಿಲಿಕ್‌ನ ಜೊತೆ ಬರೆದ ‘ಗೋದಲಿ ತುಂಬಿದ್ದರೆ ಎತ್ತುಗಳು ಕೂಗುತ್ತವೆಯೇ?’ 1880ರಲ್ಲಿ ಜಿನೀವಾದಲ್ಲಿ ಅಚ್ಚಾಯಿತು, ಅಚ್ಚು ಹಾಕಿಸಿದವನು ದೇಶ ಬಿಟ್ಟಿದ್ದ ವಿದ್ವಾಂಸ ಮಿಖೈಲೊ ದ್ರಹೊಮಾನೊವ್. ನ್ಯಾಯಕ್ಕಾಗಿ ಹಂಬಲಿಸುವ ಚಿಪ್ಕಾ ಎಂಬ ಯುವಕ ಹೊಲ ಕಳೆದುಕೊಂಡು, ಕುಡಿತಕ್ಕೆ ಬಿದ್ದು, ದರೋಡೆಕೋರನಾಗುತ್ತಾನೆ. ಒಬ್ಬ ಕೊಲೆಗಾರ ಹೇಗೆ ತಯಾರಾದ ಎಂದು ತೋರಿಸಲು ಕಾದಂಬರಿ ಹಳ್ಳಿಯ ನೂರು ವರ್ಷಗಳ ಹಿಂದಕ್ಕೆ ಹೋಗುತ್ತದೆ. ಸ್ವತಂತ್ರ ಕೊಸಾಕರ ಊರು ಜೀತಕ್ಕೆ ಬಿದ್ದ ಬಗೆಯನ್ನು ಎಳೆ ಎಳೆಯಾಗಿ ಬಿಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದ ದೊಡ್ಡ ಕಾದಂಬರಿಗಳ ಸಾಲಿನಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.

ಆಸ್ಟ್ರಿಯಾಕ್ಕೆ ಸೇರಿದ್ದ ಗಲೀಶಿಯಾ ಪ್ರಾಂತದ ಕಮ್ಮಾರನ ಮಗ ಇವಾನ್ ಫ್ರಾಂಕೊ ವಾಸ್ತವವಾದವನ್ನು ಹೊಲದಿಂದ ಗಣಿಗೆ ಒಯ್ದ. ಅವನ ಹುಟ್ಟೂರಿಗೆ ಸಮೀಪದ ಬೊರಿಸ್ಲಾವ್‌ನಲ್ಲಿ ಕಲ್ಲೆಣ್ಣೆ ಮತ್ತು ನೆಲಮೇಣ ಸಿಕ್ಕಿ ರಾಟೆಯ ಹಗ್ಗ ಹಿಡಿದು ಬಾವಿಗಿಳಿಯುವ ಕೂಲಿಗಳ ಊರೊಂದು ದಿಢೀರನೆ ಎದ್ದಿತ್ತು. ಸಮಾಜವಾದಿಯೆಂಬ ಆರೋಪದ ಮೇಲೆ ಹಲವು ತಿಂಗಳು ಜೈಲು ಕಂಡು ಬಂದ ಫ್ರಾಂಕೊ ‘ಬೊರಿಸ್ಲಾವ್ ನಗುತ್ತಿದೆ’ ಕಾದಂಬರಿಯನ್ನು 1881ರಿಂದ ಪತ್ರಿಕೆಯಲ್ಲಿ ಬರೆದ. ಕೂಲಿಗಳು ಚಂದಾ ಎತ್ತಿ, ಒಗ್ಗಟ್ಟಾಗಿ ಮುಷ್ಕರ ಹೂಡುವುದು ಅದರ ಕೇಂದ್ರ. ಇದೇ ವಸ್ತುವಿನ ಜೋಲಾನ ‘ಜರ್ಮಿನಲ್’ ಬಂದದ್ದು 1885ರಲ್ಲಿ. ಪತ್ರಿಕೆ ನಿಂತುಹೋಗಿ ಫ್ರಾಂಕೊನ ಕಾದಂಬರಿ ಮುಗಿಯದೇ ಉಳಿಯಿತು.

ಚೆಕ್ ನಾಡಿನಲ್ಲಿ ವಾಸ್ತವವಾದ ಎದುರಿಸಬೇಕಾಗಿದ್ದು ಸ್ವಂತ ಜನರ ಪ್ರಿಯವಾದ ಸುಳ್ಳನ್ನು. 1817ರ ಹೊತ್ತಿಗೆ ‘ಪತ್ತೆ’ಯಾದ ಎರಡು ಹಸ್ತಪ್ರತಿಗಳು ಚೆಕ್ಕರಿಗೆ ಪುರಾತನ ವೀರಕಾವ್ಯವಿತ್ತೆಂದು ಸಾರಿದ್ದವು. ಜರ್ಮನ್ ಭಾಷೆಯ ಭಾರದ ಕೆಳಗೆ ನಲುಗಿದ್ದ ಜನಕ್ಕೆ ಅವು ಹೆಮ್ಮೆಯ ಆಸ್ತಿಯಾದವು, ಚಿತ್ರಗಳಿಗೆ, ಹಾಡುಗಳಿಗೆ ವಸ್ತುವಾದವು. 1886ರಲ್ಲಿ ಭಾಷಾ ವಿದ್ವಾಂಸ ಯಾನ್ ಗೆಬೌವರ್ ಅವುಗಳ ವ್ಯಾಕರಣದಲ್ಲಿ ತಪ್ಪುಗಳನ್ನು ಎತ್ತಿ ತೋರಿಸಿದ. ಆ ಲೇಖನಕ್ಕೆ ‘ಅಥೆನೇಯಮ್’ ಪತ್ರಿಕೆಯಲ್ಲಿ ಎಡೆಕೊಟ್ಟವನು ಯುವ ಪ್ರಾಧ್ಯಾಪಕ ತೊಮಾಷ್ ಮಸಾರಿಕ್. ಇಬ್ಬರ ಮೇಲೂ ದೇಶದ್ರೋಹದ ಬೈಗುಳ ಸುರಿಯಿತು. ನಕಲಿ ದಾಖಲೆಯ ಮೇಲೆ ನಿಂತ ಸ್ವಾಭಿಮಾನ ನಾಡಿಗೆ ಕೇಡು ಎಂಬ ನಿಲುವನ್ನು ಅವರು ಬಿಡಲಿಲ್ಲ. ಈ ಗುಂಪು ವಾಸ್ತವವಾದಿಗಳೆಂದೇ ಹೆಸರಾಗಿ ರಾಜಕೀಯಕ್ಕೂ ಇಳಿಯಿತು, 1918ರಲ್ಲಿ ಮಸಾರಿಕ್ ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷನಾದ. ಸ್ಲಾವ್ ನಾಡುಗಳಲ್ಲಿ ವಾಸ್ತವವಾದ ತೋರಿದ ನೈತಿಕ ಧೈರ್ಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗದು.

ಕತೆಯಲ್ಲಿ ಅದೇ ಧೈರ್ಯ ಯಾನ್ ನೆರೂದಾನದು. 1878ರ ‘ಮಾಲಾ ಸ್ತ್ರಾನಾದ ಕತೆಗಳು’ ಪ್ರಾಗಿನ ಅವನ ಸ್ವಂತ ಪೇಟೆಯ ಜನರವು. ಅವುಗಳಲ್ಲೊಂದರಲ್ಲಿ ವೊರೆಲ್ ಎಂಬ ಪರವೂರಿನವನು ಹಿಂದೆಂದೂ ಅಂಗಡಿಯಿರದಿದ್ದ ಮನೆಯಲ್ಲಿ ಹಿಟ್ಟಿನ ಅಂಗಡಿ ತೆರೆಯುತ್ತಾನೆ. ಸರಕಿಗೆಲ್ಲ ಹೊಗೆಯ ವಾಸನೆ ಹತ್ತಿದೆಯೆಂದು ಒಬ್ಬಾಕೆ ಸುದ್ದಿ ಹಬ್ಬಿಸುತ್ತಾಳೆ. ಗಿರಾಕಿಗಳಿಲ್ಲದೆ ಅವನು ಕೂತು ಕೂತು ಇನ್ನೂ ಹೆಚ್ಚು ಪೈಪು ಸೇದುತ್ತಾನೆ, ಕೊನೆಗೆ ನೇಣು ಹಾಕಿಕೊಳ್ಳುತ್ತಾನೆ. ಹೆಣದ ಜೇಬಿನಲ್ಲಿ ಸಿಕ್ಕ ಪೈಪು ಎಷ್ಟು ಚೆನ್ನಾಗಿ ಪಳಗಿದೆಯೆಂದು ಪೊಲೀಸಿನವನು ಮೆಚ್ಚುತ್ತಾನೆ. ನಾಲ್ಕಾರು ಪುಟದಲ್ಲಿ ಒಂದು ಪೇಟೆಯ ಒಟ್ಟು ಕ್ರೌರ್ಯ ಬಯಲಾಗುತ್ತದೆ, ಎಲ್ಲೂ ಲೇಖಕ ದನಿ ಏರಿಸುವುದಿಲ್ಲ. ಮೊರಾವಿಯಾದ ಹಳ್ಳಿಯ ಶಿಶುಹತ್ಯೆಯನ್ನು ವಸ್ತುವಾಗಿಸಿದ ಗಾಬ್ರಿಯೆಲಾ ಪ್ರೈಸೊವಾಳ 1890ರ ನಾಟಕ ಯಾನಾಚೆಕ್‌ನ ಸಂಗೀತದಲ್ಲಿ ‘ಯೆನೂಫಾ’ ಗೀತನಾಟಕವಾಗಿ ಇಂದಿಗೂ ರಂಗದ ಮೇಲೆ ಬರುತ್ತಿದೆ. ಸ್ಲೊವಾಕ್ ಭಾಷೆಯ ಪ್ರೌಢಶಾಲೆಗಳನ್ನು ಹಂಗೆರಿ ಸರ್ಕಾರ 1870ರ ದಶಕದಲ್ಲಿ ಮುಚ್ಚಿಸಿತ್ತು. ಅಲ್ಲಿನ ವಾಸ್ತವವಾದಿ ಕುಕುಚಿನ್ ವೈದ್ಯನಾಗಿ ಏಡ್ರಿಯಾಟಿಕ್‌ನ ಬ್ರಾಚ್ ದ್ವೀಪದಲ್ಲಿ ನೆಲೆಸಿ ಆ ದ್ವೀಪದ ರೈತರನ್ನೇ ಸ್ಲೊವಾಕ್ ಕಾದಂಬರಿಯ ಪಾತ್ರಗಳಾಗಿಸಿದ.

ದಕ್ಷಿಣದ ಸ್ಲಾವ್ ನಾಡುಗಳಿಗೆ ಈ ವಿಚಾರ ತಂದವರಲ್ಲಿ ಮುಖ್ಯನು ಪೀಟರ್ಸ್‌ಬರ್ಗಿನಲ್ಲಿ ಓದಿದ ಸ್ವೆತೊಜಾರ್ ಮಾರ್ಕೊವಿಚ್. ಚಂದ್ರ, ಕೋಗಿಲೆಗಳ ಪದ್ಯ ಸಾಕು, ಜನರ ಬದುಕು ಬರೆಯಿರಿ ಎಂಬ ಅವನ 1868ರ ಲೇಖನ ಸರ್ಬಿಯಾದ ಯುವ ಬರಹಗಾರರನ್ನು ಬಡಿದೆಬ್ಬಿಸಿತು. ಜೈಲುವಾಸದಿಂದ ಆರೋಗ್ಯ ಕೆಟ್ಟು ಅವನು 28ನೆಯ ವಯಸ್ಸಿಗೇ ತೀರಿಕೊಂಡ. ಗೊಗೊಲ್, ಟಾಲ್‌ಸ್ಟಾಯ್‌ರನ್ನು ಸರ್ಬಿಯನ್ನಿಗೆ ತಂದ ಗ್ಲಿಶಿಚ್ ಬಡ್ಡಿಸಾಹುಕಾರ ಮತ್ತು ಅಧಿಕಾರಿ ಸೇರಿ ರೈತನನ್ನು ನುಂಗುವ ಕತೆಗಳನ್ನು ಬರೆದ. ವೈದ್ಯ ಲಾಜಾ ಲಾಜಾರೆವಿಚ್ ಪೂರ್ತಿಗೊಳಿಸಿದ್ದು ಕೇವಲ ಒಂಬತ್ತು ಕತೆ. ಅವುಗಳಲ್ಲೊಂದರಲ್ಲಿ ಜೂಜಿನಲ್ಲಿ ಮನೆಮಾರು ಕಳೆದ ಅಪ್ಪ ಪಿಸ್ತೂಲು ಕೈಗೆತ್ತಿಕೊಂಡಾಗ, ಇನ್ನೂ ಎಲ್ಲವನ್ನೂ ಗಳಿಸಬಹುದು ಎಂದು ತಾಯಿ ಅವನನ್ನು ತಡೆಯುತ್ತಾಳೆ. ಇದನ್ನೆಲ್ಲ ನೋಡುತ್ತಿರುವುದು ಮಗನ ಕಣ್ಣು. ಮಾರ್ಕೊವಿಚ್ ಬಯಸಿದ ಕ್ರಾಂತಿ ಇಲ್ಲಿಲ್ಲ, ಒಡೆಯುತ್ತಿರುವ ಕೂಡುಕುಟುಂಬವನ್ನು ಉಳಿಸಿಕೊಳ್ಳುವ ಆಸೆ ಇದೆ. ಹಾಗಿದ್ದೂ ಆ ಮನೆಯ ರಾತ್ರಿಯನ್ನು ಅವನು ಬರೆದ ನಿಖರತೆ ಯಾವ ಸಿದ್ಧಾಂತಕ್ಕೂ ಕಡಿಮೆಯಲ್ಲ. ಶತಮಾನದ ಕೊನೆಗೆ ಸರ್ಕಾರದ ಬಿಗಿ ಹೆಚ್ಚಿದಾಗ ರಾದೊಯೆ ದೊಮಾನೊವಿಚ್ ವಾಸ್ತವವನ್ನು ವಿಡಂಬನೆಯ ಮರೆಯಲ್ಲಿ ಸಾಗಿಸಿದ. 1901ರ ‘ನಾಯಕ’ದಲ್ಲಿ ಜನ ಒಬ್ಬನ ಹಿಂದೆ ಬೇಲಿ, ಕಂದರ ದಾಟಿ ಸಾಯುತ್ತ ನಡೆಯುತ್ತಾರೆ, ನಾಯಕ ಕುರುಡನೆಂದು ಕಡೆಗೆ ತಿಳಿಯುತ್ತದೆ.

ಬಲ್ಗೇರಿಯಾದ ಇವಾನ್ ವಾಜೊವ್ ಆಟೊಮನ್ನರ ವಿರುದ್ಧದ 1876ರ ದಂಗೆಯ ಕಾದಂಬರಿ ‘ನೊಗದಡಿ’ಯನ್ನು ಬರೆದದ್ದು ಒಡೆಸ್ಸಾದಲ್ಲಿ ದೇಶಭ್ರಷ್ಟನಾಗಿದ್ದಾಗ. ಅದರಲ್ಲಿ ರಮ್ಯತೆ ಧಾರಾಳವಾಗಿದೆ, ಆದರೆ ಸಣ್ಣ ಊರಿನ ಕಾಫಿ ಅಂಗಡಿ, ಶಾಲೆಯ ಪರೀಕ್ಷೆ, ಚೆರಿ ಮರದ ದಿಮ್ಮಿಯಿಂದ ತೋಪು ಕೊರೆಯುವ ಮುಗ್ಧ ಹುರುಪು ಇವೆಲ್ಲ ಕಂಡವನು ಬರೆದವು. ಅಲೆಕೊ ಕೊನ್ಸ್ತಾಂತಿನೊವ್‌ನ 1895ರ ‘ಬಾಯ್ ಗಾನ್ಯೊ’ದಲ್ಲಿ ಗುಲಾಬಿ ಅತ್ತರು ಮಾರುವ ಒರಟ ಯುರೋಪು ಸುತ್ತಿಬಂದು ಊರಲ್ಲಿ ಚುನಾವಣೆ ಗೆಲ್ಲುವ ರಾಜಕಾರಣಿಯಾಗುತ್ತಾನೆ. ಲೇಖಕ ಎರಡು ವರ್ಷದ ಬಳಿಕ ಜೊತೆಗಿದ್ದ ರಾಜಕಾರಣಿಗೆ ಗುರಿಯಿಟ್ಟ ಗುಂಡಿಗೆ ಬಲಿಯಾದ.

ಶತಮಾನದ ಕೊನೆಯ ಹೊತ್ತಿಗೆ ವಾಸ್ತವವಾದದ ಒಳಗೇ ಒಂದು ಅತೃಪ್ತಿ ಬೆಳೆದಿತ್ತು. ಸದುದ್ದೇಶಕ್ಕಾಗಿ ಬರೆದ ಕಾದಂಬರಿಗಳಲ್ಲಿ ಎಷ್ಟೋ ಪಾತ್ರಗಳು ವಾದ ಹೊರುವ ಗೂಟಗಳಾಗಿದ್ದವು. ಇದನ್ನು ತಿದ್ದಿದವನು ರಷ್ಯಾದ ಚೆಕಾವ್. 1890ರಲ್ಲಿ ಸಖಾಲಿನ್ ದ್ವೀಪದ ಕೈದಿಗಳನ್ನು ಕಾಣಲು ಹೋಗಿ, ಮನೆಮನೆ ಸುತ್ತಿ ಅವರ ವಿವರವನ್ನು ಸುಮಾರು 10,000 ಚೀಟಿಗಳಲ್ಲಿ ದಾಖಲಿಸಿದವನೇ ತನ್ನ ಕತೆಗಳಲ್ಲಿ ತೀರ್ಪು ಕೊಡಲು ಒಪ್ಪಲಿಲ್ಲ. 1897ರ ‘ರೈತರು’ ಕತೆಯಲ್ಲಿ ಹಳ್ಳಿಯ ಕೊಳಕು, ಕುಡಿತ, ಹೊಡೆತ ಎಲ್ಲವೂ ಇದ್ದಂತೆಯೇ ಬಂದಾಗ ರೈತನನ್ನು ದೇವರೆಂದು ಆರಾಧಿಸುತ್ತಿದ್ದ ಓದುಗರು ನೊಂದುಕೊಂಡರು. ಪೋಲಿಷ್‌ನ ರೆಯ್ಮೊಂತ್ ನಾಲ್ಕು ಋತುಗಳ ನಾಲ್ಕು ಸಂಪುಟಗಳಲ್ಲಿ ಬರೆದ ‘ರೈತರು’ 1909ರಲ್ಲಿ ಮುಗಿದು, 1924ರಲ್ಲಿ ಅವನಿಗೆ ನೊಬೆಲ್ ತಂದಿತು.

1934ರಲ್ಲಿ ಮಾಸ್ಕೋದಲ್ಲಿ ಸೇರಿದ ಸೋವಿಯತ್ ಲೇಖಕರ ಮೊದಲ ಸಮ್ಮೇಳನ ಸಮಾಜವಾದಿ ವಾಸ್ತವವಾದವನ್ನು ಸಾಹಿತ್ಯದ ಅಧಿಕೃತ ಮಾರ್ಗವೆಂದು ಘೋಷಿಸಿತು. ಆಳುವವರ ಕಣ್ತಪ್ಪಿಸಿ ಬೆಳೆದಿದ್ದ ಪದ್ಧತಿಯೇ ಆಳುವವರ ಅಪ್ಪಣೆಯಾಯಿತು. ಟಾಲ್‌ಸ್ಟಾಯ್‌ನ ಹಳೆಯ ರೀತಿಯಲ್ಲಿ, ಕಂಡ ಯುದ್ಧವನ್ನು ಕಂಡಂತೆ ಬರೆದ ವಾಸಿಲಿ ಗ್ರೊಸ್ಮನ್‌ನ ‘ಬದುಕು ಮತ್ತು ವಿಧಿ’ಯ ಹಸ್ತಪ್ರತಿಯನ್ನು 1961ರಲ್ಲಿ ಗುಪ್ತ ಪೊಲೀಸರು ಟೈಪ್‌ರೈಟರಿನ ರಿಬ್ಬನ್ ಸಮೇತ ಹೊತ್ತೊಯ್ದರು. ಗ್ರೊಸ್ಮನ್ 1964ರಲ್ಲಿ ತೀರಿಕೊಂಡ. ಗೆಳೆಯರು ಅಡಗಿಸಿಟ್ಟಿದ್ದ ಪ್ರತಿಯಿಂದ ಕಾದಂಬರಿ 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಯಿತು, ಸೋವಿಯತ್ ಓದುಗರ ಕೈ ಸೇರಿದ್ದು 1988ರಲ್ಲಿ.